ಮ್ಯಾನೇಜರ್ ಲಿಂಗೋಜಿಯವರ ಚಪ್ಪಲಿ

ಮ್ಯಾನೇಜರ್ ಲಿಂಗೋಜಿಯವರು ತೀರಿಕೊಂಡ ಮೇಲೆ ಅವರ ಚಪ್ಪಲಿ ಅರವತ್ತು ದಿನ ತಣ್ಣಗಾಗಲಿಲ್ಲ. ಅದಕ್ಕೆ ನಾವೇ ಕಾರಣ. ನಾವು ಅಂದರೆ ಕೆಳಪೇಟೆ ಫುಟ್‌ಬಾಲ್ ಸಂಘದ ಅಭಿಮಾನಿಗಳು. ಅದರಲ್ಲೂ ಎಲ್ಲದಕ್ಕೂ ಮುಂದೆ ನಿಂತವನು ನಾನು, ಸೋಡಾ ಅಂಗಡಿ ಮೋನಪ್ಪ. ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ಬಾಯಿಗೆ ಬೀಗವಿಲ್ಲ ಅಂತ ಊರೇ ಹೇಳುತ್ತದೆ. ಆ ಬಾಯಿ ಒಂದೇ ಒಂದು ಸಲ ಮುಚ್ಚಿದ್ದು ಯಾವಾಗ, ಯಾಕೆ ಅನ್ನುವುದನ್ನು ಈಗ ಹೇಳಬಹುದು.

ನಮ್ಮೂರಲ್ಲಿ ಯಾರಾದರೂ ಹೋದರೆ ಅವರ ಚಪ್ಪಲಿಯನ್ನು ಅವರಿಗೆ ಇಷ್ಟವಾದ ಜಾಗದಲ್ಲಿ ತಂದು ಇಡುತ್ತೇವೆ. ದಿನಾ ಸಂಜೆ ಬೇಕಾದವರೆಲ್ಲ ಅಲ್ಲಿ ಸೇರಿ, ಹೋದವರ ಬಗ್ಗೆ ನಗು ಬರುವ ಒಂದು ಸಂಗತಿ ಹೇಳಬೇಕು. ಅದು ನಡೆದದ್ದಾಗಿರಬೇಕು, ಅಲ್ಲಿ ಮೊದಲು ಹೇಳಿದ್ದಾಗಿರಬಾರದು, ಕೇಳಿದವರು ನಿಜವಾಗಿ ನಗಬೇಕು. ಹಾಗಾದರೆ ಚಪ್ಪಲಿ ಮರುದಿನ ಸಂಜೆಯವರೆಗೂ ಬೆಚ್ಚಗಿರುತ್ತದೆ, ಯಾರೋ ಈಗಷ್ಟೇ ಕಾಲಿನಿಂದ ಬಿಟ್ಟ ಹಾಗೆ. ಮನೆಯವರೊಬ್ಬರು ಬಂದು ಚಪ್ಪಲಿಯ ಮೇಲೆ ಕೈಯಿಟ್ಟು ನೋಡಿ 'ಬೆಚ್ಚಗಿದೆ' ಅನ್ನುತ್ತಾರೆ. ಹೇಳುವುದಕ್ಕೆ ಏನೂ ಉಳಿಯದ ದಿನ 'ತಣ್ಣಗಾಯ್ತು' ಅನ್ನುತ್ತಾರೆ. ಆಮೇಲೆ ಚಪ್ಪಲಿಯನ್ನು ಕಾಲುವೆಗೆ ಬಿಡುವುದು, ಆಮೇಲೆ ಮನೆಯವರು ಅಳುವುದು. ಅಲ್ಲಿಯವರೆಗೆ ಅಳುವಂತಿಲ್ಲ, ಊಟದ ಹೊತ್ತಿಗೆ ಹೋದವರ ತಟ್ಟೆಯನ್ನೂ ಹಾಕಬೇಕು. 'ಸಾಕು, ಇನ್ನು ಬಿಡಿ' ಅಂತ ಮನೆಯವರು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಹೇಳಿದರೆ ತಮ್ಮವರನ್ನು ತಾವೇ ಕತ್ತು ಹಿಡಿದು ಹೊರಗೆ ದಬ್ಬಿದ ಹಾಗೆ.

ಹೆಚ್ಚಿನವರ ಚಪ್ಪಲಿ ಮೂರೋ ನಾಲ್ಕೋ ದಿನ ಬೆಚ್ಚಗಿರುತ್ತದೆ. ನಮ್ಮಪ್ಪನದು ಐದು ದಿನ ಇತ್ತು. ನಮಗೆಲ್ಲ ಪಾಠ ಹೇಳಿದ ಹೆಡ್‌ಮಾಸ್ತರರ ಬೂಟು ಮಧ್ಯಾಹ್ನ ಇಟ್ಟದ್ದು ಸಂಜೆಗೇ ತಣ್ಣಗಾಯಿತು. ಇಡೀ ಊರು ತಲೆ ಕೆರೆದುಕೊಂಡರೂ ಒಂದು ನಗೆಯ ಸಂಗತಿ ಸಿಗಲಿಲ್ಲ, ಪಾಪ. ಎಲ್ಲರಿಗಿಂತ ಹೆಚ್ಚು ದಿನ ಉಳಿದದ್ದು ಮೇಲ್ಪೇಟೆಯ ಸೂಲಗಿತ್ತಿ ಹೊನ್ನಾಜಮ್ಮನ ಚಪ್ಪಲಿ, ಅರವತ್ತು ದಿನ. ಅರ್ಧ ಊರನ್ನು ಬೆನ್ನು ತಟ್ಟಿ ಅಳಿಸಿದ ಹೆಂಗಸು, ಕಥೆಗೇನು ಬರ? ಮೇಲ್ಪೇಟೆಯವರು ಮಾತ್ರ ಆ ಅರವತ್ತನ್ನು ಕಪ್ ಗೆದ್ದ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು. ಫುಟ್‌ಬಾಲಿನಲ್ಲೂ ಅವರೇ ಗೆಲ್ಲುವುದು, ಸತ್ತರೂ ಅವರೇ ಗೆಲ್ಲುವುದು ಅಂದರೆ ನಮಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಲಿಂಗೋಜಿಯವರು ಹದಿನಾಲ್ಕು ವರ್ಷ ನಮ್ಮ ಸಂಘದ ಮ್ಯಾನೇಜರ್ ಆಗಿದ್ದರು. ಆಟಗಾರರನ್ನು ಆರಿಸುವುದು, ಓಡಿಸುವುದು, ಬೈಯುವುದು, ಗಾಯಕ್ಕೆ ಅರಿಸಿನ ಮೆತ್ತುವುದು ಎಲ್ಲ ಅವರೊಬ್ಬರೇ. ಹೊಟ್ಟೆಪಾಡಿಗೆ ಗಡಿಯಾರ ರಿಪೇರಿ ಮಾಡುತ್ತಿದ್ದರು, ಹಾಗಾಗಿ ರೆಫ್ರಿಯ ಗಡಿಯಾರವನ್ನು ಒಂದು ದಿನವೂ ನಂಬಲಿಲ್ಲ. ಮೈದಾನಕ್ಕೆ ಬೂಟು ಹಾಕಿದವರೇ ಅಲ್ಲ. ಎರಡು ಸಲ ಅಟ್ಟೆ ಬದಲಾಯಿಸಿದ ಚರ್ಮದ ಚಪ್ಪಲಿಯಲ್ಲೇ ಗೆರೆಯುದ್ದಕ್ಕೂ ಓಡಾಡಿ ಕೂಗುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಂದು ಸಲ ಕಪ್ ಬಂದಿತ್ತು. ಮ್ಯಾನೇಜರ್ ಕೆಲಸ ಹೋದ ಮೇಲೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸವನ್ನು ತಾವೇ ಕೇಳಿಕೊಂಡು ಮಾಡುತ್ತಿದ್ದರು. ಕಣ್ಣು ಮಂಜಾಗಿ ಗೆರೆ ಅಂಕುಡೊಂಕಾಗಿ ಹೋಗುತ್ತಿತ್ತು. ಹಾಗೆ ಎಂಟು ವರ್ಷ. ಒಂದು ಶನಿವಾರ ಬೆಳಿಗ್ಗೆ ಗೆರೆ ಎಳೆಯುತ್ತ ಎಳೆಯುತ್ತ ಕಾರ್ನರ್ ಬಾವುಟದ ಪಕ್ಕದಲ್ಲಿ ಸುಧಾರಿಸಿಕೊಳ್ಳಲು ಕೂತವರು ಮತ್ತೆ ಏಳಲಿಲ್ಲ. ಆವತ್ತಿನ ಆಟ ಮುಂದಕ್ಕೆ ಹೋಯಿತು. ಮೈದಾನದ ಒಂದು ಬದಿಯ ಗೆರೆ ಅರ್ಧಕ್ಕೇ ನಿಂತಿತ್ತು.

ಚಪ್ಪಲಿಯನ್ನು ನಾವು ಕೂರುವ ಗ್ಯಾಲರಿಯ ಮೊದಲ ಮೆಟ್ಟಿಲ ಮೇಲೆ ಒಂದು ಟವೆಲ್ ಮಡಿಸಿ ಹಾಸಿ ಇಟ್ಟೆವು. ಅವರ ಹೆಂಡತಿ ತಾರಾಬಾಯಿ, ನಮಗೆಲ್ಲ ತಾರಕ್ಕ, ಸಂಜೆ ಬಂದು ಗೇಟಿನ ಹತ್ತಿರವೇ ನಿಲ್ಲುತ್ತಿದ್ದರು. ನಮ್ಮ ನಗು ಮುಗಿದ ಮೇಲೆ ಒಳಗೆ ಬಂದು, ಬಗ್ಗಿ ಚಪ್ಪಲಿ ಮುಟ್ಟಿ ನೋಡಿ, 'ಬೆಚ್ಚಗಿದೆ' ಅಂದು ಹೊರಟುಹೋಗುತ್ತಿದ್ದರು. ಮಕ್ಕಳಿಲ್ಲದ ಮನೆ. ಬರಬೇಕಾದವರು ಅವರೊಬ್ಬರೇ.

ಮೊದಲ ದಿನ ಹೇಳಿದವರು ಹಯಾತ್ ಸಾಬರು, ನಮ್ಮ ಆಟಗಾರರ ಜರ್ಸಿ ಹೊಲಿಯುವ ದರ್ಜಿ. ಲಿಂಗೋಜಿಯವರು ಆಟದ ಹಿಂದಿನ ದಿನ ಹೋಟೆಲಿನಲ್ಲಿ ಹನ್ನೊಂದು ಬೋಂಡ ತರಿಸಿ, ದೊಡ್ಡ ತಟ್ಟೆಯಲ್ಲಿ ಜೋಡಿಸಿ, ಯಾರು ಎಲ್ಲಿ ನಿಲ್ಲಬೇಕು ಅಂತ ಆಟಗಾರರಿಗೆ ತೋರಿಸುತ್ತಿದ್ದರು. ಒಂದು ಸಲ ಮಾತಿನ ಭರದಲ್ಲಿ ಅವರ ಕೈ ತಟ್ಟೆಗೂ ಬಾಯಿಗೂ ಓಡಾಡಿತು. ಎಲ್ಲ ಮುಗಿದ ಮೇಲೆ ಎಡಗಡೆ ಹಿಂದೆ ನಿಲ್ಲಬೇಕಾದ ಹುಡುಗ ಎದ್ದು, 'ನಾನೆಲ್ಲಿ ನಿಲ್ಲಲಿ ಸಾರ್?' ಅಂತ ಕೇಳಿದ. ಇವರು ತಟ್ಟೆ ನೋಡಿದರು, ಕೈ ನೋಡಿಕೊಂಡರು. 'ನಿನ್ನನ್ನ ತಿಂದ್ಬಿಟ್ಟಿದೀನಿ ಕಣಪ್ಪ. ನಾಳೆ ಬೆಂಚಲ್ಲಿ ಕೂತ್ಕೊ' ಅಂದರು. ಮಾರನೆಯ ದಿನ ನಿಜವಾಗಿಯೂ ಕೂರಿಸಿದರು. ಹಯಾತ್ ಸಾಬರು ಆ 'ಕೈ ನೋಡಿಕೊಂಡರು' ಅನ್ನುವುದನ್ನು ಮಾಡಿ ತೋರಿಸಿದಾಗ ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡರು.

ಎರಡನೆಯ ದಿನ ಗ್ಯಾಲರಿಯಲ್ಲಿ ಚುರುಮುರಿ ಮಾರುವ ಕೆಂಪಕ್ಕ ಎದ್ದಳು. 'ಅವತ್ತು ರೆಫ್ರಿನೂ ನೀಲಿ ಅಂಗಿ ಹಾಕ್ಕೊಂಡ್ ಬಂದಿದ್ದ, ನಮ್ಮೋರ್ದೂ ನೀಲಿ. ಆಟ ಮುಗ್ಯಾಕೆ ಹತ್ತು ನಿಮಿಷ ಇತ್ತು. ಮ್ಯಾನೇಜರ್ರು ಕಣ್ಣು ಕಿರಿದು ಮಾಡಿ ನೋಡಿ, "ಏಯ್ ಬಾರೋ ಈಚೆ, ಸುಸ್ತಾಗಿದೀಯ, ಬೇರೆಯೋನ್ನ ಇಳಿಸ್ತೀನಿ" ಅಂತ ಕೂಗಿದ್ರು. ಆ ರೆಫ್ರಿಗೂ ಸಾಕಾಗಿತ್ತೇನೋ, ಸೀದಾ ಬಂದು ಬೆಂಚ್ ಮ್ಯಾಲೆ ಕೂತ್ಕೊಂಡು ನನ್ ಹತ್ರ ನೀರು ಇಸ್ಕೊಂಡು ಕುಡ್ದ. ಏಳು ನಿಮಿಷ ರೆಫ್ರಿ ಇಲ್ದೆ ಆಟ ನಡೀತು. ಆ ಏಳು ನಿಮಿಷದಾಗೆ ಒಂದೂ ಜಗಳ ಆಗ್ಲಿಲ್ಲ ಕಣ್ರಪ್ಪ.'

ಮೀಸೆಯ ಕಥೆ ನನ್ನದು. ಒಂದು ವರ್ಷ ಮೇಲ್ಪೇಟೆಯ ಮೇಲೆ ಸೋತರೆ ಮೀಸೆ ಬೋಳಿಸುತ್ತೇನೆ ಅಂತ ಲಿಂಗೋಜಿಯವರು ನನ್ನ ಅಂಗಡಿಯಲ್ಲಿ ಎಲ್ಲರೆದುರು ಶಪಥ ಮಾಡಿದ್ದರು. ಆಟ ಸಮವಾಯಿತು. ಕೊಟ್ಟ ಮಾತು ತಪ್ಪಬಾರದು, ಇಡೀ ಮೀಸೆ ಕಳೆದುಕೊಳ್ಳುವುದೂ ನ್ಯಾಯವಲ್ಲ ಅಂತ ಯೋಚಿಸಿ ಅರ್ಧ ಬೋಳಿಸಿದರು. ಒಂದು ತಿಂಗಳು ಹಾಗೇ ಓಡಾಡಿದರು. ಗಡಿಯಾರ ರಿಪೇರಿಗೆ ಬಂದವರು ಯಾವ ಕಡೆ ನೋಡಿ ಮಾತಾಡಬೇಕು ಅಂತ ತಿಳಿಯದೆ ಗೋಡೆ ನೋಡುತ್ತಿದ್ದರು.

ಹೀಗೆ ಹತ್ತು ದಿನ ಆಯಿತು, ಇಪ್ಪತ್ತಾಯಿತು. ಮೊದಮೊದಲು ನಾವು ಹೇಳುತ್ತಿದ್ದದ್ದು ಪ್ರೀತಿಗೇ, ಅದರಲ್ಲಿ ಸುಳ್ಳಿಲ್ಲ. ಮೂವತ್ತು ದಾಟಿದ ಮೇಲೆ ಮಾತ್ರ ನಮ್ಮ ಕಣ್ಣು ಹೊನ್ನಾಜಮ್ಮನ ಅರವತ್ತರ ಮೇಲೆ ಬಿತ್ತು. ಗ್ಯಾಲರಿಯ ಗೋಡೆಯ ಮೇಲೆ ದಿನಕ್ಕೊಂದು ಇದ್ದಿಲ ಗೀಟು ಎಳೆದೆವು. ಊರ ಹೊರಗೆ ನೆಲೆಸಿದ್ದ ಹಳೆಯ ಆಟಗಾರರನ್ನು ಹುಡುಕಿ ಕರೆಸಿದೆವು. ಹಯಾತ್ ಸಾಬರು ನೀಲಿ ಬಟ್ಟೆಯ ಮೇಲೆ ಅರವತ್ತೊಂದು ಅಂತ ಬಿಳಿ ಅಂಕಿ ಹೊಲಿದು, ಮೇಲ್ಪೇಟೆಗೆ ಕಾಣುವ ಹಾಗೆ ಹಾರಿಸಲು ಒಂದು ಬಾವುಟ ತಯಾರು ಮಾಡಿದರು. ಯಾರ ಹತ್ತಿರ ಎಷ್ಟು ಕಥೆ ಉಳಿದಿದೆ ಅಂತ ನಾನು ಮನೆಮನೆಗೆ ಹೋಗಿ ಕೇಳಿ ಬರುತ್ತಿದ್ದೆ. 'ಕೊನೆಯ ದಿನದ ಚಿಂತೆ ಬಿಡಿ, ನನ್ನ ಹತ್ತಿರ ಒಂದಿದೆ. ಅದನ್ನು ಕೇಳಿದರೆ ಮೇಲ್ಪೇಟೆಯವರೂ ಬಿದ್ದು ಬಿದ್ದು ನಗಬೇಕು' ಅಂತ ಎಲ್ಲರೆದುರು ಕೊಚ್ಚಿಕೊಂಡಿದ್ದೆ.

ನಲವತ್ತನೆಯ ದಿನ ಒಂದು ಎಡವಟ್ಟಾಯಿತು. ಪೋಸ್ಟ್‌ಮ್ಯಾನ್ ಬೋರಲಿಂಗನಿಗೆ ತಾನೂ ಒಂದು ಹೇಳಬೇಕು ಅಂತ ಆಸೆ. ಲಿಂಗೋಜಿಯವರು ಒಮ್ಮೆ ಛತ್ರಿಯಿಂದ ಚೆಂಡು ಹೊಡೆದು ಗೋಲು ಹಾಕಿದರು ಅಂತ ಒಂದು ಬುರುಡೆ ಬಿಟ್ಟ. ನಾವೆಲ್ಲ ನಕ್ಕೆವು. ತಾರಕ್ಕ ಬಂದು ಚಪ್ಪಲಿ ಮುಟ್ಟಿದವರು ಕೈ ಹಾಗೇ ಇಟ್ಟುಕೊಂಡು, 'ಇದು... ಆರ್ತಾ ಇದೆ' ಅಂದರು. ಅವರ ದನಿ ನಡುಗಿತು. ಹೆದರಿದರು ಅಂದುಕೊಂಡು ನಾನು ಬೋರಲಿಂಗನ ಕತ್ತಿನ ಪಟ್ಟಿ ಹಿಡಿದೆ. ಹಯಾತ್ ಸಾಬರು ಅವಸರದಲ್ಲಿ ಎದ್ದು ಒಂದು ನಿಜವಾದ ಸಂಗತಿ ಹೇಳಿ ಎಲ್ಲರನ್ನೂ ನಗಿಸಿದರು. ತಾರಕ್ಕ ಇನ್ನೊಂದು ಸಲ ಮುಟ್ಟಿದರು. ತಮ್ಮ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು. 'ಬೆಚ್ಚಗಿದೆ' ಅಂದು ಹೋದರು. ನಾವು ಶಿಳ್ಳೆ ಹೊಡೆದೆವು.

ಅರವತ್ತನೆಯ ಸಂಜೆ ಹಳೆಯ ಗೋಲ್‌ಕೀಪರ್ ಒಬ್ಬ ಏನೋ ಹೇಳಿದ. ನಗು ಬಂತು, ಸ್ವಲ್ಪವೇ ಬಂತು, ಆದರೂ ಬಂತು. ಹೊನ್ನಾಜಮ್ಮನಿಗೆ ಸಮವಾಯಿತು. ಆ ಖುಷಿಯಲ್ಲಿ ಕೆಂಪಕ್ಕ ಎಲ್ಲರಿಗೂ ಚುರುಮುರಿ ಹಂಚಿದಳು. ನನ್ನ ಪೊಟ್ಟಣ ಬಿಚ್ಚಿದರೆ ಮುಕ್ಕಾಲು ಪಾಲು ಈರುಳ್ಳಿ.

'ಏನವ್ವ ಕೆಂಪಕ್ಕ, ಇದ್ರಲ್ಲಿ ಚುರುಮುರಿ ಎಲ್ಲೈತೆ? ಭೂತಗನ್ನಡಿ ಕೊಡ್ತೀಯಾ?' ಅಂತ ರೇಗಿಸಿದೆ.

'ನಾನೇನ್ ಮಾಡ್ಲಿ ಮೋನಣ್ಣ? ತಾರಕ್ಕ ದಿನಾ ಒಂದ್ ಬುಟ್ಟಿ ಹೆಚ್ಚಿ ಕೊಡ್ತಾರೆ. ಬ್ಯಾಡ ಅನ್ನಾಕ್ಕಾಗಲ್ಲ. ಎರಡು ತಿಂಗ್ಳಿಂದ ಅವ್ರ ಬೀದಿಯೋರೆಲ್ಲ ಈರುಳ್ಳಿ ಗೊಜ್ಜು, ಈರುಳ್ಳಿ ಸಾರು, ಈರುಳ್ಳಿ ಬಜ್ಜಿ. ಮಿಕ್ಕಿದ್ದು ನಿಮ್ ಹೊಟ್ಟೆಗೆ.'

ನಾನು ನಕ್ಕು ತಿಂದುಬಿಟ್ಟೆ. ನಾವೆಲ್ಲ ಎರಡು ತಿಂಗಳಿಂದ ಅದನ್ನು ತಿಂದುಕೊಂಡೇ ನಕ್ಕಿದ್ದೆವು.

ಮಾರನೆಯ ದಿನ ಮಧ್ಯಾಹ್ನ ತಾರಕ್ಕನ ಮನೆಗೆ ಹೋದೆ. ಸಂಜೆ ಬಾವುಟವನ್ನು ಅವರ ಕೈಯಿಂದಲೇ ಹಾರಿಸಬೇಕು ಅಂತ ನನ್ನ ಆಸೆ, ಅದನ್ನು ಕೇಳಲು ಹೋದದ್ದು. ಬಾಗಿಲು ತೆರೆದೇ ಇತ್ತು. ಅವರು ನಡುಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಪಕ್ಕದಲ್ಲಿ ಬುಟ್ಟಿ. ಗೋಡೆಯ ಹತ್ತಿರ ಲಿಂಗೋಜಿಯವರ ಮಣೆ, ತಟ್ಟೆ. ತಟ್ಟೆಯಲ್ಲಿ ಬಡಿಸಿದ ಅನ್ನ ಆರಿ ಗಟ್ಟಿಯಾಗಿತ್ತು.

'ಬಾ ಮೋನಪ್ಪ. ದೂರ ಕೂತ್ಕೊ, ಕಣ್ಣು ಉರಿಯುತ್ತೆ' ಅಂದರು. ಅವರ ಕೆನ್ನೆ ಪೂರ್ತಿ ಒದ್ದೆಯಾಗಿತ್ತು. 'ಈ ಸಲದ ಈರುಳ್ಳಿ ಬಹಳ ಖಾರ ಕಣಪ್ಪ.'

'ಹೌದಕ್ಕ, ನಿನ್ನೆ ತಿಂದೆ' ಅಂದೆ.

ಬಾವುಟದ ಮಾತು ತೆಗೆದೆ. ಅರವತ್ತೊಂದರ ವಿಷಯ, ಮೇಲ್ಪೇಟೆಯವರೂ ನೋಡಲು ಬರುವ ವಿಷಯ ಎಲ್ಲ ಹೇಳಿದೆ. ಅವರು ಹೂಂ ಹೂಂ ಅನ್ನುತ್ತ ಹೆಚ್ಚುತ್ತಲೇ ಇದ್ದರು. ಹೆಚ್ಚುತ್ತಾ ಹೆಚ್ಚುತ್ತಾ ಬುಟ್ಟಿಗೆ ಕೈ ಹಾಕಿದರು. ಬುಟ್ಟಿಯಲ್ಲಿ ಈರುಳ್ಳಿ ಮುಗಿದಿತ್ತು. ಕಣ್ಣೀರು ಮುಗಿದಿರಲಿಲ್ಲ. ಅವರು ಬುಟ್ಟಿಯ ತಳವನ್ನೆಲ್ಲ ತಡಕಿದರು. ಸಿಕ್ಕಿದ್ದು ಸಿಪ್ಪೆ. ನನ್ನ ಕಡೆ ಒಂದು ಸಲ ನೋಡಿ, ಅವಸರವಾಗಿ ಆ ಸಿಪ್ಪೆಯನ್ನೇ ಈಳಿಗೆಗೆ ಹಿಡಿದು ಕೊಯ್ಯತೊಡಗಿದರು.

ನಾನು ಬಾವುಟದ ಮಾತನ್ನು ಅರ್ಧಕ್ಕೇ ನಿಲ್ಲಿಸಿದೆ. ಈರುಳ್ಳಿ ಹೆಚ್ಚುವಾಗ ಬರುವ ನೀರನ್ನು ನಮ್ಮೂರಲ್ಲಿ ಅಳು ಅನ್ನುವುದಿಲ್ಲ. ಅರವತ್ತು ದಿನ ಆ ಹೆಂಗಸಿಗೆ ಅಳಲು ಇದ್ದ ಜಾಗ ಅದೊಂದೇ. ಚಪ್ಪಲಿ ತಣ್ಣಗಾಗಲಿ ಅಂತ ಅವರು ಬಾಯಿಬಿಟ್ಟು ಹೇಳುವಂತಿರಲಿಲ್ಲ, ನಮಗೆ ಹೊಳೆಯಬೇಕಿತ್ತು. ನಲವತ್ತನೆಯ ದಿನ ಅವರ ದನಿ ನಡುಗಿದ್ದು ಹೆದರಿ ಅಲ್ಲ ಅನ್ನುವುದೂ ಆಗ ಹೊಳೆಯಿತು. ನನಗೆ ನಾಚಿಕೆಯಾಯಿತು. ಮನುಷ್ಯನನ್ನು ಪ್ರೀತಿಸುತ್ತೇವೆ ಅಂದುಕೊಂಡು ಅವನ ಹೆಂಡತಿಯ ಕೊರಳು ಹಿಸುಕಿ ಹಿಡಿದಿದ್ದೆವು. 'ಬರ್ತೀನಿ ಅಕ್ಕ' ಅಂದು ಎದ್ದೆ.

'ಸಂಜೆ ನೀನು ಹೇಳ್ತೀಯಂತೆ' ಅಂದರು, ತಲೆ ಎತ್ತದೆ.

'ಹೂಂ' ಅಂದೆ.

'ಸರಿ ಹೋಗು' ಅಂದರು.

ನಾನು ಏನು ಹೇಳಬೇಕು ಅಂತ ಇದ್ದೆ ಅನ್ನುವುದನ್ನು ನಿಮಗೆ ಹೇಳುತ್ತೇನೆ. ಈಗ ಹೇಳಿದರೆ ಬಾಧಕವಿಲ್ಲ, ಬೆಚ್ಚಗಾಗಲು ಆ ಚಪ್ಪಲಿ ಇಲ್ಲ.

ಗ್ಯಾಲರಿಯಲ್ಲಿ ತಮಟೆ ಬಾರಿಸುವವನು ನಾನು. ಎಂಟು ವರ್ಷದ ಹಿಂದೆ, ನಾವು ಮೇಲ್ಪೇಟೆಯ ಎದುರು ಏಳು ಗೋಲಿಗೆ ಸೋತ ಭಾನುವಾರ, ನನಗೆ ಸಿಟ್ಟು ನೆತ್ತಿಗೇರಿತ್ತು. ಏಳನೆಯ ಗೋಲು ಬಿದ್ದಾಗ ಎದ್ದು ನಿಂತು, ತಮಟೆ ಬಡಿದು, 'ಲಿಂಗೋಜಿ, ಮನೆಗೆ ಹೋಗು' ಅಂತ ಕೂಗಿದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಹೋಗು ಬಾ ಅಂತ ಕರೆದೆ. ಒಬ್ಬರು ಕೂಗಿದರೆ ಸಾಕಲ್ಲ, ಇಡೀ ಗ್ಯಾಲರಿ ಹಿಡಿದುಕೊಂಡಿತು. ಹಯಾತ್ ಸಾಬರು ಕೂಗಿದರು, ಕೆಂಪಕ್ಕ ಕೂಗಿದಳು. ಲಿಂಗೋಜಿಯವರು ಗೆರೆಯ ಹತ್ತಿರ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು, ತಿರುಗಲಿಲ್ಲ. ಸೋಮವಾರ ಸಂಘದವರು ಅವರನ್ನು ಕೆಲಸದಿಂದ ತೆಗೆದರು.

ಮಂಗಳವಾರ ಬೆಳಿಗ್ಗೆ, ನಾನು ಅಂಗಡಿಯಲ್ಲಿ ಒಬ್ಬನೇ ಇದ್ದಾಗ, ಅವರು ಬಂದರು. ಕೈಯೆತ್ತುತ್ತಾರೆ ಅಂದುಕೊಂಡು ನಾನು ಗೋಲಿ ಸೋಡಾದ ಕ್ರೇಟಿನ ಹಿಂದೆ ಸರಿದೆ. ಅವರು ಬೆಂಚಿನ ಮೇಲೆ ಕೂತು ನಿಂಬೆಹಣ್ಣಿನ ಸೋಡಾ ಕೇಳಿದರು. ಕೊಟ್ಟೆ. ಅರ್ಧ ಕುಡಿದು, 'ಮೋನಪ್ಪ, ನಿನ್ನ ತಾಳ ತಪ್ಪು' ಅಂದರು.

'ಏನು ಸಾರ್?'

'ಭಾನುವಾರ ಬಾರಿಸಿದ್ಯಲ್ಲ, ಅದು. ಲಿಂಗೋಜಿ ಅನ್ನೋದಕ್ಕೆ ಮೂರು ಏಟು ಬೇಕು, ನೀನು ಎರಡು ಹಾಕ್ತಿದೀಯ. ಜನ ಇನ್ನೂ ಮನೆಗೆ ಅಂತಿರ್ತಾರೆ, ನಿನ್ನ ತಮಟೆ ಆಗಲೇ ಹೋಗಿಬಿಟ್ಟಿರುತ್ತೆ. ಗ್ಯಾಲರಿ ಎರಡು ಭಾಗ ಆಗೋಯ್ತು, ನೋಡಲಿಲ್ವಾ? ನಮ್ಮೋರು ಬಾಯಿಬಿಟ್ರೆ ಕಾಲುವೆ ಆಚೆ ದಡಕ್ಕೆ ಕೇಳಬೇಕು. ನಾಳೆ ಮೇಲ್ಪೇಟೆ ಮ್ಯಾನೇಜರ್ನ ಓಡಿಸೋವಾಗ ಹೀಗೆ ಬಾರಿಸಿದ್ರೆ ನಗ್ತಾರೆ.'

ಅಷ್ಟು ಹೇಳಿ ಕ್ರೇಟನ್ನು ತೊಡೆಯ ಹತ್ತಿರ ಎಳೆದುಕೊಂಡು ತಾವೇ ಬಾರಿಸಿ ತೋರಿಸಿದರು. ಬಾಯಲ್ಲೂ ಹೇಳಿದರು, 'ಲಿಂ-ಗೋ-ಜಿ, ಮನೆಗೆ ಹೋಗು.' ನನಗೂ ಬಾರಿಸಲು ಹೇಳಿದರು. ನನಗೆ ಬರಲಿಲ್ಲ. 'ಇನ್ನೊಂದು ಸಲ' ಅಂದರು. ಆಟಗಾರರನ್ನು ಓಡಿಸುತ್ತಿದ್ದ ಹಾಗೇ, ಸರಿಹೋಗುವವರೆಗೆ ಬಿಡಲಿಲ್ಲ. ನಾವಿಬ್ಬರೂ ಎದುರು ಬದುರು ಕೂತು, ಅವರ ಹೆಸರನ್ನೇ ಕೂಗುತ್ತ, ಅವರನ್ನೇ ಮನೆಗೆ ಹೋಗು ಅನ್ನುತ್ತ ಕಾಲುಗಂಟೆ ಕ್ರೇಟು ಬಡಿದೆವು. ಬಾಟಲಿಗಳೆಲ್ಲ ಕುಣಿದವು. ಕೊನೆಗೆ ಒಂದು ಸಲ ಸರಿಯಾಗಿ ಬಂತು. 'ಹಾಂ, ಇದು!' ಅಂದರು. ಉಳಿದ ಸೋಡಾ ಕುಡಿದು ಎದ್ದರು. 'ಸರಿ, ಈಗ ಮನೆಗೆ ಹೋಗ್ತೀನಿ' ಅಂದು ಹೊರಟರು.

ಇದು ನನ್ನ ಕಥೆ. ಗ್ಯಾಲರಿಯಲ್ಲಿ ನಿಂತು ಕೈಕಾಲು ಆಡಿಸಿ ಹೇಳಿದರೆ ಜನ ನೆಲಕ್ಕೆ ಬಿದ್ದು ನಗುತ್ತಾರೆ, ನನಗೆ ಗೊತ್ತು. ನಾನು ಅವತ್ತೂ ನಕ್ಕಿದ್ದೆ, ಅವರು ಬೀದಿಯ ತಿರುವು ದಾಟುವವರೆಗೆ. ಆಮೇಲೆ ಎಂಟು ವರ್ಷ ದಿನಾ ಅವರಿಗೆ ಸೋಡಾ ಕೊಟ್ಟೆ. ತಪ್ಪಾಯಿತು ಅಂತ ಒಂದು ದಿನವೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಅನ್ನುವಷ್ಟರಲ್ಲಿ ಅವರು ಕಾರ್ನರ್ ಬಾವುಟದ ಪಕ್ಕ ಕೂತುಬಿಟ್ಟರು. ಚಪ್ಪಲಿ ಬೆಚ್ಚಗಿರುವಷ್ಟು ದಿನ ಇನ್ನೂ ಹೇಳಬಹುದು ಅಂತ ನನ್ನೊಳಗೆ ಒಂದು ಆಸೆ ಇತ್ತು. ಎಲ್ಲರನ್ನೂ ಹುರಿದುಂಬಿಸಿ ಅರವತ್ತು ದಿನ ಎಳೆದದ್ದು ಹೊನ್ನಾಜಮ್ಮನ ಮೇಲಿನ ಹಟಕ್ಕೆ ಮಾತ್ರ ಅಲ್ಲ.

ಅವತ್ತು ಸಂಜೆ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲ್ಪೇಟೆಯವರೂ ಬಂದು ಹಿಂದಿನ ಸಾಲಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಹಯಾತ್ ಸಾಬರು ಬಾವುಟವನ್ನು ಕೋಲಿಗೆ ಸುತ್ತಿ ತಯಾರಾಗಿ ನಿಂತಿದ್ದರು. ನಾನು ಚಪ್ಪಲಿಯ ಮುಂದೆ ಬಂದು ನಿಂತೆ. ಸದ್ದು ನಿಂತಿತು. ಗೇಟಿನ ಹತ್ತಿರ ತಾರಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ನಿಂತಿದ್ದರು.

'ನನ್ನ ಹತ್ರ ಏನೂ ಇಲ್ಲ' ಅಂದೆ.

ಅದನ್ನೇ ಕಥೆಯ ಮೊದಲ ಸಾಲು ಅಂದುಕೊಂಡು ಕೆಲವರು ನಗಲು ಶುರುಮಾಡಿದರು. ನಾನು ಸುಮ್ಮನೆ ನಿಂತೇ ಇದ್ದೆ. ನಗು ನಿಂತಿತು.

'ಏನಯ್ಯಾ ಮೋನಪ್ಪ, ಒಂದಿದೆ ಒಂದಿದೆ ಅಂತ ತಿಂಗಳಿಂದ ಕೊಚ್ಚಿಕೊಳ್ತಿದ್ಯಲ್ಲ' ಅಂದರು ಹಯಾತ್ ಸಾಬರು.

'ಸುಳ್ಳು ಹೇಳಿದ್ದೆ ಸಾಬರೇ.'

ಆಮೇಲೆ ನನಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಯಾರೋ ನೆಲಗಡಲೆ ಸಿಪ್ಪೆ ಎಸೆದರು. ಬೋರಲಿಂಗ ನಲವತ್ತನೆಯ ದಿನದ ಸೇಡು ತೀರಿಸಿಕೊಳ್ಳುವವನ ಹಾಗೆ ನನ್ನ ಕತ್ತಿನ ಪಟ್ಟಿ ಹಿಡಿದ. ಹಯಾತ್ ಸಾಬರು ಬೋಂಡದ ಕಥೆಯನ್ನೇ ಇನ್ನೊಂದು ಸಲ ಹೇಳಿ ನೋಡಿದರು, ಕೈ ನೋಡಿಕೊಂಡದ್ದನ್ನೂ ಮಾಡಿದರು. ಯಾರೂ ನಗಲಿಲ್ಲ. ಕೆಂಪಕ್ಕ ಏನೋ ಹೇಳಲು ಎದ್ದವಳು ಮರೆತು ಕೂತಳು. ಹಾಗೇ ಹೊತ್ತು ಮುಳುಗಿತು. ಹಿಂದಿನ ಸಾಲಿನ ಮೇಲ್ಪೇಟೆಯವರೂ ಕೇಕೆ ಹಾಕಲಿಲ್ಲ, ಅದನ್ನು ಮಾತ್ರ ಹೇಳಬೇಕು.

ತಾರಕ್ಕ ಗೇಟಿನಿಂದ ನಿಧಾನವಾಗಿ ನಡೆದು ಬಂದರು. ಬಗ್ಗಿ ಚಪ್ಪಲಿಯ ಮೇಲೆ ಕೈಯಿಟ್ಟರು. ಬಲಗಾಲಿನದು ನೋಡಿದರು, ಎಡಗಾಲಿನದು ನೋಡಿದರು. ಮತ್ತೆ ಬಲಗಾಲಿನದರ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ಕೂತರು.

'ತಣ್ಣಗಾಯ್ತು' ಅಂದರು.

ಹಯಾತ್ ಸಾಬರು ಬಾವುಟವನ್ನು ಕೋಲಿನಿಂದ ಬಿಚ್ಚಿ, ಅದರಲ್ಲಿ ಚಪ್ಪಲಿ ಸುತ್ತಿ ತಾರಕ್ಕನ ಕೈಗೆ ಕೊಟ್ಟರು. ಕಾಲುವೆ ಮೈದಾನದ ಹಿಂದೆಯೇ. ಎಲ್ಲರೂ ನಡೆದೆವು. ನಾನು ಎಲ್ಲರಿಗಿಂತ ಹಿಂದೆ, ಅಭ್ಯಾಸಬಲಕ್ಕೆ ತಮಟೆ ಹೆಗಲಿಗೆ ಹಾಕಿಕೊಂಡು. ಯಾರೂ ನನ್ನ ಪಕ್ಕ ಬರಲಿಲ್ಲ.

ದಂಡೆಯ ಮೇಲೆ ತಾರಕ್ಕ ಕೂತು ಬಟ್ಟೆ ಬಿಚ್ಚಿದರು. ಚಪ್ಪಲಿಯನ್ನು ನೀರಿಗೆ ಬಿಡುವ ಮೊದಲೇ ಅವರಿಗೆ ಅಳು ಬಂತು. ಅಂಥ ಅಳುವನ್ನು ನಾನು ಅದುವರೆಗೂ ಕೇಳಿರಲಿಲ್ಲ. ಅರವತ್ತು ದಿನದ್ದು ಒಟ್ಟಿಗೇ ಬಂತು. 'ಒಬ್ಬಳನ್ನೇ ಬಿಟ್ಟು ಹೋದ್ರಲ್ಲಾ, ತಟ್ಟೆ ಮುಂದೆ ಕೂತು ಒಬ್ಬಳೇ ಮಾತಾಡ್ತಿದ್ದೆನಲ್ಲಾ' ಅಂತ ಎದೆ ಬಡಿದುಕೊಂಡು ಅತ್ತರು. ಕೆಂಪಕ್ಕ ಅವರನ್ನು ತಬ್ಬಿಕೊಂಡಳು. ನಮ್ಮಲ್ಲಿ ಅಳದವರು ಯಾರೂ ಉಳಿಯಲಿಲ್ಲ. ಅರವತ್ತು ದಿನ ನಕ್ಕ ಬಾಯಿಗಳೆಲ್ಲ ಸೊಟ್ಟಗಾದವು. ಆಗ ನನ್ನನ್ನು ಬೈದವರಿಗೂ ನಾನು ಯಾಕೆ ಹೇಳಲಿಲ್ಲ ಅನ್ನುವುದು ತಿಳಿಯಿತು ಅಂತ ಕಾಣುತ್ತದೆ. ಹಯಾತ್ ಸಾಬರು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

ಅತ್ತು ಅತ್ತು ಸ್ವಲ್ಪ ಸಮಾಧಾನವಾದ ಮೇಲೆ ತಾರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, 'ಮೋನಪ್ಪ ಎಲ್ಲಿ?' ಅಂದರು. ಜನ ದಾರಿ ಬಿಟ್ಟರು. ಹೋಗಿ ಅವರ ಮುಂದೆ ಕೂತೆ.

'ಕ್ರೇಟಿಂದು ಹೇಳಿಬಿಡ್ತೀಯ ಅಂತ ದಿನಾ ಗೇಟಲ್ಲಿ ನಿಂತು ಹೆದರ್ತಿದ್ದೆ ಕಣಪ್ಪ' ಅಂದರು, ನನಗೆ ಮಾತ್ರ ಕೇಳುವ ಹಾಗೆ.

'ನಿಮಗೆ ಗೊತ್ತಿತ್ತಾ ಅಕ್ಕ?'

'ಅವತ್ತು ನಿನ್ನ ಅಂಗಡಿಯಿಂದ ಬಂದೋರು ಅಡುಗೆಮನೇಲಿ ಕೂತು ತಪ್ಪಲೆ ಮೇಲೆ ಬಾರಿಸಿ ತೋರಿಸಿದ್ರು. "ಮೋನಪ್ಪಂಗೆ ಕಲಿಸಿ ಬಂದೆ, ಇನ್ನು ಮೇಲ್ಪೇಟೆಯೋರಿಗೆ ಕಾದಿದೆ" ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಬಹಳ ಹೊತ್ತು ಮುಖ ತೊಳ್ಕೊಂಡ್ರು.'

'ನನ್ನಿಂದ ತಪ್ಪಾಯ್ತು ಅಕ್ಕ' ಅಂದೆ. ಎಂಟು ವರ್ಷ ತಡವಾಗಿ, ಕೇಳಬೇಕಾದವರಿಗಲ್ಲ, ಅವರ ಹೆಂಡತಿಗೆ.

ಅವರು ನನ್ನ ಕೈ ಮೇಲೆ ಕೈಯಿಟ್ಟರು. ಈರುಳ್ಳಿ ವಾಸನೆಯ ಕೈ, ಈಳಿಗೆ ತಾಗಿ ಗಾಯವಾದ ಬೆರಳುಗಳು. 'ತಮಟೆ ತಂದಿದೀಯಲ್ಲ. ಅದನ್ನೇ ಬಾರಿಸು' ಅಂದರು.

ತಮಟೆ ಕಾಯಿಸಿರಲಿಲ್ಲ. ಕಾಯಿಸದ ತಮಟೆಗೆ ಗಂಟಲಿರುವುದಿಲ್ಲ. ಆದರೂ ತೊಡೆಯ ಮೇಲೆ ಇಟ್ಟುಕೊಂಡೆ. ತಾರಕ್ಕ ಚಪ್ಪಲಿಯನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ನೀರು ಸ್ವಲ್ಪವೇ ಇತ್ತು, ಎರಡೂ ದಂಡೆಯ ಹತ್ತಿರವೇ ತಿರುಗುತ್ತ ನಿಂತವು. ನಾನು ಕೋಲೆತ್ತಿದೆ, ಬಾರಿಸಲು ಕೈ ಬರಲಿಲ್ಲ.

ನಲವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು, ಗಂಡನ ಹೆಸರನ್ನು ಬಾಯಲ್ಲಿ ಹೇಳಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ತಾರಕ್ಕ ಎದ್ದು ನಿಂತರು. ಕಾಲುವೆಯ ಕಡೆ ತಿರುಗಿ, ದನಿ ಒಡೆದಿದ್ದರೂ ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದರು.

'ಲಿಂಗೋಜಿ, ಮನೆಗೆ ಹೋಗು!'

ಆಮೇಲೆ ಕೆಂಪಕ್ಕ ಕೂಗಿದಳು. ಹಯಾತ್ ಸಾಬರು ಕೂಗಿದರು. ಬೋರಲಿಂಗ, ಆಟಗಾರರು, ಮೇಲ್ಪೇಟೆಯವರು ಎಲ್ಲ ಕೂಗಿದರು. ಎಂಟು ವರ್ಷದ ಹಿಂದೆ ಕೂಗಿದ್ದ ಅದೇ ಮಾತನ್ನು ಅದೇ ಜನ ಅಳುತ್ತ ಕೂಗಿದರು. ಚಪ್ಪಲಿಗಳು ದಂಡೆ ಬಿಟ್ಟು ನಡುನೀರಿಗೆ ಸರಿದವು. ನಾನು ಬಾರಿಸಿದೆ. ಮೂರು ಏಟು, ಆಮೇಲೆ ಮಿಕ್ಕದ್ದು. ತಾಳ ತಪ್ಪಲಿಲ್ಲ.